ತಂತಿಯ ತುದಿಯ ಬೂಚು

ಇವರು ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಇವರ ಬಗ್ಗೆ ಒಳ್ಳೆಯ ಮಾತು ಹೇಳಿದರು. ಒಬ್ಬಳು ಮಾತ್ರ ನನಗೆ ಗೊತ್ತಿಲ್ಲದ ಮಾತು ಹೇಳಿದಳು.

ಅವಳು ಇವರ ಜೊತೆ ದೋಣಿಯಲ್ಲಿ ಕೆಲಸ ಮಾಡುತ್ತಿದ್ದ ಸರ್ವೆ ಇಂಜಿನಿಯರ್. ಮೈಸೂರು ಕಡೆಯ ಹುಡುಗಿ. ಹುಡುಗಿ ಎಂದರೂ ಮೂವತ್ತರ ಹತ್ತಿರ ಇದ್ದಾಳು. ಹನ್ನೊಂದನೆಯ ದಿನ ಪುಣೆಯ ಬಿಬವೇವಾಡಿಯ ನಮ್ಮ ಎರಡು ಕೋಣೆಯ ಮನೆಗೆ ಬಂದು ಚಾಪೆಯ ಮೇಲೆ ಕೂತಳು. ಕೊಟ್ಟ ಚಹಾ ಆರಿ ಕೆನೆಗಟ್ಟುವವರೆಗೂ ಕಪ್ಪನ್ನು ಸುಮ್ಮನೆ ಹಿಡಿದುಕೊಂಡಿದ್ದಳು. ಆಮೇಲೆ ಹೇಳಿದಳು: “ಅಣ್ಣ ಎಷ್ಟು ಮಾತಾಡೋರು ಅಕ್ಕಾ. ಬೆಳಗ್ಗೆ ದೋಣಿ ಹತ್ತಿದ್ರೆ ಇಳಿಯೋವರೆಗೂ ನಗಿಸ್ತಾನೇ ಇರೋರು.”

ನಾನು ಗೊತ್ತಿದ್ದವಳ ಹಾಗೆ ತಲೆಯಾಡಿಸಿದೆ. ಹದಿನಾಲ್ಕು ವರ್ಷ ನಾನು ಕಂಡ ಮನುಷ್ಯ ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಬಾಯಿ ಬಿಡದೆ ಡಬ್ಬಿಯ ಕಡೆ ಬೆರಳು ತೋರಿಸುತ್ತಿದ್ದರು. ಕೆಟ್ಟವರಲ್ಲ. ಕುಡಿಯುತ್ತಿರಲಿಲ್ಲ, ಕೈ ಎತ್ತಿದವರಲ್ಲ, ನಮಗೆ ಮಕ್ಕಳಾಗಲಿಲ್ಲ ಎಂದು ಒಂದು ದಿನವೂ ಎತ್ತಿ ಆಡಿದವರಲ್ಲ. ಮಾತು ಕಡಿಮೆ, ಅಷ್ಟೇ. ಅದು ಅವರ ಸ್ವಭಾವ ಎಂದು ನಾನು ಒಪ್ಪಿಕೊಂಡಿದ್ದೆ. ಸ್ವಭಾವವಲ್ಲ, ಮನೆಗೆ ಬರುವಷ್ಟರಲ್ಲಿ ಮಾತು ಖರ್ಚಾಗಿರುತ್ತಿತ್ತು ಎಂದು ಆ ದಿನ ತಿಳಿಯಿತು.

ನನ್ನ ತಂದೆತಾಯಿ ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದವರು. ನಾನು ಇಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯತನಕ ಓದಿದೆ. ಈಗ ಮನೆಯಲ್ಲೇ ಕೂತು ಸೀರೆಗೆ ಫಾಲ್ ಹಚ್ಚಿಕೊಡುತ್ತೇನೆ. ಇವರು ಕಲಬುರಗಿ ಜಿಲ್ಲೆಯವರು. ಮೊದಲು ಹೊಸ ಕಟ್ಟಡಗಳಿಗೆ ವೈರ್ ಎಳೆಯುತ್ತಿದ್ದರು. ಆಮೇಲೆ ನಮ್ಮ ಮನೆಯಿಂದ ನಾಲ್ಕು ಹೆಜ್ಜೆ ದೂರದ ಒಂದು ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅದು ದೋಣಿಗಳಿಗೆ ಯಂತ್ರ ಕೂರಿಸುವ ಅಂಗಡಿ. ಆಳ ತೋರಿಸುವ ಯಂತ್ರ, ದಾರಿ ತೋರಿಸುವ ಯಂತ್ರ, ಅಂಥವು. ಪುಣೆಯಲ್ಲಿ ಎಲ್ಲಿಯ ದೋಣಿ ಎಂದು ನನ್ನ ತವರಿನವರು ನಗುತ್ತಿದ್ದರು. ಸಮುದ್ರ ಇರುವುದು ಘಾಟಿನ ಕೆಳಗೆ, ನಿಜ. ಆದರೆ ಸುತ್ತಮುತ್ತ ಅಣೆಕಟ್ಟುಗಳಿವೆ, ಅವುಗಳ ಹಿನ್ನೀರು ಇದೆ. ಮೀನಿನವರು, ಜನ ದಾಟಿಸುವವರು, ನೀರಿನ ಆಳ ಅಳೆಯುವವರು, ಎಲ್ಲರಿಗೂ ದೋಣಿ ಬೇಕು.

ಕೊನೆಯ ಕೆಲಸ ಇಂದಾಪುರದ ಆಚೆಯ ಹಿನ್ನೀರಿನಲ್ಲಿ. ಈ ದಡದಿಂದ ಆ ದಡಕ್ಕೆ ಜನರನ್ನು ಸಾಗಿಸುವ ಲಾಂಚ್ ಒಂದು ಅಲ್ಲಿ ಓಡುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಹಳ್ಳಿಗಳ ಗೋಡೆ, ಮರದ ಬೊಡ್ಡೆ ನೀರಿನ ಮೇಲ್ಮೈಗೆ ಹತ್ತಿರ ಬಂದುಬಿಡುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಲಾಂಚಿಗೆ ಅಪಾಯವಿಲ್ಲದ ದಾರಿ ಗುರುತು ಮಾಡಿಕೊಡಬೇಕಿತ್ತು. ಸಣ್ಣ ದೋಣಿಯಲ್ಲಿ ಹೊಲ ಉತ್ತ ಹಾಗೆ ಸಾಲು ಸಾಲಾಗಿ ಹೋಗಿ ಬಂದು ಎಲ್ಲ ಕಡೆ ಆಳ ಅಳೆಯುವುದು. ದೋಣಿಯ ತಂತಿಯ ಕೆಲಸವೆಲ್ಲ ಇವರದು, ನಕಾಶೆಯ ಲೆಕ್ಕವೆಲ್ಲ ಅವಳದು. ಮೋಟರ್ ಹಿಡಿಯುವವರು ಆ ಊರಿನವರೇ ಆದ ಒಬ್ಬ ವಯಸ್ಸಾದ ಅಂಬಿಗರು. ಮೂರೇ ಜನ. ಅಂಬಿಗರಿಗೆ ಮರಾಠಿ ಬಿಟ್ಟು ಬೇರೆ ಬರುವುದಿಲ್ಲ. ಕನ್ನಡ ಇವರಿಬ್ಬರ ನಡುವೆಯೇ.

ಆ ಕನ್ನಡದ ಬಗ್ಗೆಯೂ ನನಗೆ ಹೊಟ್ಟೆಕಿಚ್ಚಿತ್ತು. ಅವಳದು ಪುಸ್ತಕ ಓದಿದ ಹಾಗೆ ಮೆತ್ತಗಿನ ಕನ್ನಡ, ನಡುನಡುವೆ ಇಂಗ್ಲಿಷ್. ಮನೆಯಲ್ಲಿ ಇವರು ಹೊರಗಿನ ಗ್ಯಾಲರಿಗೆ ಹೋಗಿ ಅವಳ ಜೊತೆ ಫೋನಿನಲ್ಲಿ ಮಾತಾಡುವಾಗ ಇವರ ಬಾಯಲ್ಲೂ ‘ಇದೆ’, ‘ಅಲ್ವಾ’ ಬರುತ್ತಿತ್ತು. ಒಳಗೆ ಹೊಲಿಯುತ್ತ ಕೂತ ನನ್ನ ಸೂಜಿ ನಿಂತುಬಿಡುತ್ತಿತ್ತು. ಅವಳು ಅಣ್ಣ ಎನ್ನುತ್ತಿದ್ದಳು, ಇವರು ಮೇಡಂ ಎನ್ನುತ್ತಿದ್ದರು. ಸಂಶಯ ಪಡುವಂಥದ್ದು ಏನೂ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು. ಅಣ್ಣ ಎನ್ನುವವಳ ಮೇಲೆ ಯಾವ ಬಾಯಿಂದ ಜಗಳ ತೆಗೆಯಲಿ?

ಒಂದು ದಿನ ಇವರು, “ಅಕಿಗೂ ರೊಟ್ಟಿ ಭಾಳ ಸೇರ್ತಾವಂತ. ಇನ್ನ ಎರಡು ಹೆಚ್ಚಿಗಿ ಕಟ್ಟು,” ಎಂದರು. ನಾನು ಕಟ್ಟಿದೆ. ಜೊತೆಗೆ ಬಾಯಿ ಸುಟ್ಟುಹೋಗುವಷ್ಟು ಖಾರದ ಮೆಣಸಿನಕಾಯಿ ಚಟ್ನಿ ಇಟ್ಟೆ. ಮೈಸೂರಿನವಳು, ಬೆಲ್ಲ ಹಾಕಿದ ಸಾರು ಉಂಡು ಬೆಳೆದವಳು, ಒಂದೇ ದಿನಕ್ಕೆ ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಮರುದಿನ ಇವರು ಡಬ್ಬಿ ಕೆಳಗಿಡುತ್ತ, “ಆ ಚಟ್ನಿ ಇನ್ನಷ್ಟು ಬೇಕಂತ,” ಎಂದರು. ಎರಡು ವರ್ಷ ಅವಳಿಗಾಗಿ ಮೆಣಸಿನಕಾಯಿ ಕುಟ್ಟಿದೆ.

ಆದರೆ ನನ್ನ ಹತ್ತಿರವೂ ಒಂದು ಸಂಜೆ ಇತ್ತು.

ಹೋದ ವರ್ಷ ಮಳೆಗಾಲದಲ್ಲಿ ದೋಣಿ ಕೆಲಸ ನಿಂತಿದ್ದಾಗ ಇವರು ಅಂಗಡಿಯಿಂದ ಎರಡು ಹಳೆಯ ಪರದೆಗಳನ್ನು ಮನೆಗೆ ತಂದರು. ಅವುಗಳನ್ನು ಒಂದು ಹಲಗೆಗೆ ಬಿಗಿದು, ನಡುವೆ ಉದ್ದಕ್ಕೆ ಒಂದು ಕೇಬಲ್ ಹಾಯಿಸಿ ಪರೀಕ್ಷೆ ಮಾಡುತ್ತ ಕೂತರು. ನಾನು ಫಾಲ್ ಹೊಲಿಯುತ್ತ ಇದೇನು ಎಂದು ಕೇಳಿದೆ. ಉತ್ತರ ಬರಲಿಕ್ಕಿಲ್ಲ ಎಂದುಕೊಂಡೇ ಕೇಳಿದ್ದು. ಇವರು ಸ್ಕ್ರೂ ಡ್ರೈವರ್ ಕೆಳಗಿಟ್ಟು ನನ್ನ ಕಡೆ ತಿರುಗಿದರು.

“ನಮ್ಮ ಓಣಿಯಾಗ ನಳ ಬಂದ್ರ ಏನಾಗ್ತದ?” ಎಂದು ಕೇಳಿದರು.

“ಮೊದಲನೇ ಮನಿಯಾಕಿ ಪಾಣಿ ಆಲಂ ಅಂತ ಒದರ್ತಾಳ.” ನೀರು ಬಂತು ಎನ್ನುವುದಕ್ಕೆ ಇಲ್ಲಿಯ ಮರಾಠಿ.

“ಎಲ್ಲಾರ ಮನಿಗೂ ಬಂದು ಬಂದು ಹೇಳ್ತಾಳೇನು?”

“ಇಲ್ಲ. ಒಮ್ಮೆ ಒದರಿದ್ರ ಎಲ್ಲಾರಿಗೂ ಕೇಳ್ತದ. ಬೇಕಾದವರು ಕೊಡ ತರ್ತಾರ.”

“ಇದೂ ಹಂಗ,” ಎಂದರು.

ಆಮೇಲೆ ಒಂದು ತಾಸು ಮಾತಾಡಿದರು. ದೋಣಿಯ ಕೆಳಗೆ ಮುಷ್ಟಿಯಷ್ಟು ದೊಡ್ಡ ಸೆನ್ಸರ್ ಇರುತ್ತದೆ, ನೀರಿನ ತಳಕ್ಕೆ ಸದ್ದು ಕಳಿಸಿ, ಅದು ತಿರುಗಿ ಬರಲು ಹಿಡಿದ ಹೊತ್ತಿನಿಂದ ಆಳ ತಿಳಿಯುತ್ತದೆ. ಅದು ಸಿಕ್ಕಿಸಿರುವುದು ಒಂದೇ ಪರದೆಗೆ. ಆದರೆ ಆ ಪರದೆ ತನಗೆ ಬಂದ ಆಳವನ್ನು ಕೇಬಲ್ಲಿನಲ್ಲಿ ಕೂಗಿ ಹೇಳುತ್ತದೆ, ಎರಡನೆಯ ಪರದೆ ಕೇಳಿಸಿಕೊಂಡು ತಾನೂ ತೋರಿಸುತ್ತದೆ. ದೋಣಿ ಎಲ್ಲಿದೆ ಎಂದು ಜಿಪಿಎಸ್ ಕೂಗುತ್ತದೆ, ಮುಖ ಯಾವ ಕಡೆಗಿದೆ ಎಂದು ದಿಕ್ಸೂಚಿ ಕೂಗುತ್ತದೆ. ಯಾರದನ್ನು ಯಾರು ಬೇಕಾದರೂ ಕೇಳಬಹುದು. ಯಾವುದೂ ತನ್ನಷ್ಟಕ್ಕೆ ಇಟ್ಟುಕೊಳ್ಳುವುದಿಲ್ಲ.

ಕೊನೆಗೆ ಕೇಬಲ್ಲಿನ ಎರಡು ತುದಿಗೆ ಸಿಕ್ಕಿಸಿದ್ದ, ಹೆಬ್ಬೆಟ್ಟಿನ ತುದಿಯಷ್ಟಿದ್ದ ಎರಡು ಬೂಚು ತೋರಿಸಿದರು. ಬರೀ ಮುಚ್ಚಳ ಎಂದುಕೊಂಡಿದ್ದೆ. ಅಲ್ಲವಂತೆ. ಕೂಗಿದ ಸದ್ದು ಓಣಿಯ ಕೊನೆಯ ಗೋಡೆಗೆ ಬಡಿದು ತಿರುಗಿ ಬಂದರೆ ಹೊಸ ಕೂಗು ಯಾವುದು, ಹಳೆಯದು ಯಾವುದು ತಿಳಿಯುವುದಿಲ್ಲ. ಈ ಬೂಚು ತುದಿಯಲ್ಲಿ ಕೂತು ಆ ಸದ್ದನ್ನು ನುಂಗಿಬಿಡುತ್ತದೆ. ಒಂದು ಬೂಚು ತೆಗೆದರೂ ಎಲ್ಲ ನಿಂತುಹೋಗುವುದಿಲ್ಲ. ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. “ಪೂರ್ತಿ ಕೆಟ್ಟದ್ದು ಹುಡುಕೂದು ಸಸಾರ,” ಎಂದರು. “ಅರ್ಧ ಕೆಟ್ಟದ್ದು ಹುಡುಕೂದು ತ್ರಾಸ.” ತೆಗೆದು ತೋರಿಸಿದರು. ಎರಡನೆಯ ಪರದೆಯ ಮೇಲೆ ಅಂಕಿ ಹೋಗಿ ಬರೀ ಗೆರೆ ಬಂತು, ಮತ್ತೆ ಅಂಕಿ ಬಂತು, ಮತ್ತೆ ಹೋಯಿತು. ನನ್ನ ಕೈಯಿಂದಲೇ ತಿರುಗಿಸಿ ಹಾಕಿಸಿದರು.

ನಮ್ಮ ಸಂಸಾರದಲ್ಲಿ ಅದೇ ಅತಿ ಉದ್ದದ ಮಾತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಹನ್ನೊಂದನೆಯ ದಿನ ಅವಳು ಚಾಪೆಯಿಂದ ಏಳುವ ಮುಂಚೆ ಕಣ್ಣೊರೆಸಿಕೊಳ್ಳುತ್ತ ಅಂದಳು: “ನಳದ ಎಕ್ಸಾಂಪಲ್ ಒಂದು ಕೊಡ್ತಿದ್ರು ಅಕ್ಕಾ, ಪಾಣಿ ಆಲಂ ಅಂತ. ಕೆಲಸಕ್ಕೆ ಸೇರಿದ ಮೊದಲನೇ ವಾರ ಹೇಳಿದ್ದು. ನಾನು ಕಾಲೇಜಲ್ಲಿ ಓದಿದ್ದೆಲ್ಲ ವೇಸ್ಟ್ ಅನ್ನಿಸ್ತು.”

ಅವಳು ಕೆಲಸಕ್ಕೆ ಸೇರಿ ಎರಡು ವರ್ಷ. ನನಗೆ ಹೇಳಿದ್ದು ಹೋದ ಮಳೆಗಾಲ. ಅಂದರೆ ನನ್ನ ಹತ್ತಿರ ಬರುವ ಹೊತ್ತಿಗೆ ಆ ಮಾತು ಅವಳ ಹತ್ತಿರ ಆಡಿ ಸವೆದದ್ದಾಗಿತ್ತು. ಅವಳನ್ನು ಬಾಗಿಲತನಕ ಕಳಿಸಿ, ಒಳಗೆ ಬಂದು ಅವಳ ಕಪ್ಪು ತೊಳೆದೆ. ಎರಡು ಸಲ ತೊಳೆದೆ.

ಇವರ ಕೊನೆಯ ಗಳಿಗೆಯೂ ಅವಳ ಪಾಲಿಗೇ ಹೋಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ, ನೀರಿನ ನಡುವೆ, ಎದೆ ಹಿಡಿದುಕೊಂಡದ್ದು. ದಡಕ್ಕೆ ತಂದವರು ಅಂಬಿಗರು, ಇಂದಾಪುರದ ಆಸ್ಪತ್ರೆತನಕ ಜೀಪಿನಲ್ಲಿ ತಲೆ ತೊಡೆಯ ಮೇಲೆ ಇಟ್ಟುಕೊಂಡು ಹೋದವಳು ಅವಳು. ನಾನು ಸ್ವಾರಗೇಟ್ ನಿಲ್ದಾಣದಿಂದ ಸರ್ಕಾರಿ ಎಸ್ಟಿ ಬಸ್ಸು ಹಿಡಿದು ತಲುಪುವ ಹೊತ್ತಿಗೆ ಮುಖದ ಮೇಲೆ ಬಟ್ಟೆ ಹಾಕಿದ್ದರು. ಕೊನೆಗೆ ಏನಾದರೂ ಹೇಳಿದರೇನು ಎಂದು ಅವಳನ್ನು ಕೇಳಿದೆ. ಏನೂ ಹೇಳಲಿಲ್ಲ ಎಂದು ನೆಲ ನೋಡಿದಳು. ಹೇಳಿದ್ದಾರೆ, ಇವಳು ಮುಚ್ಚಿಡುತ್ತಿದ್ದಾಳೆ ಎಂದು ಆ ಗಳಿಗೆಯಲ್ಲೇ ನಿಶ್ಚಯಿಸಿಕೊಂಡೆ.

ಇವರು ಹೋಗಿ ಇಪ್ಪತ್ತು ದಿನವಾದ ಮೇಲೆ ಅಂಗಡಿಯ ಮಾಲೀಕರು ಫೋನ್ ಮಾಡಿದರು. ಅವರು ಮರಾಠಿಯವರು. ಇವರ ಉಪಕರಣದ ಚೀಲ, ಒಂದು ಜೊತೆ ಬಟ್ಟೆ ದೋಣಿಯಲ್ಲೇ ಉಳಿದಿವೆ, ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದರು. ಬೇಡ, ನಾನೇ ಹೋಗಿ ತರುತ್ತೇನೆ ಎಂದೆ. ಇವರು ಕೂತು ಸತ್ತ ಜಾಗ ನಾನು ನೋಡಿರಲಿಲ್ಲ.

ದೋಣಿ ದಡದ ಗೂಟಕ್ಕೆ ಕಟ್ಟಿತ್ತು. ಅದರ ಎರಡೂ ಪರದೆಗಳು ಉರಿಯುತ್ತಿದ್ದವು. ಒಂದು ಹಿಂದೆ ಅಂಬಿಗರ ಎದುರಿಗೆ, ಇನ್ನೊಂದು ನಡುವಿನ ಹಲಗೆಯ ಎದುರಿಗೆ, ಸೆನ್ಸರ್ ನೇರವಾಗಿ ಸಿಕ್ಕಿಸಿದ್ದು ಇದಕ್ಕೇ. ಆ ನಡುವಿನ ಹಲಗೆ ಇವರದು. ಅಲ್ಲಿ ಅವಳು ಕೂತಿದ್ದಳು. ನಾನು ಫಾಲಿನ ತುಂಡು ಜೋಡಿಸಿ ಇವರಿಗೆ ಹೊಲಿದುಕೊಟ್ಟ ದಿಂಬಿನ ಮೇಲೆ ಕೂತಿದ್ದಳು. ಪರದೆಯ ಮೇಲೆ ಅಂಕಿಗಳು ಬರುತ್ತಿದ್ದವು: ಎರಡು ಪಾಯಿಂಟ್ ಒಂದು, ಎರಡು ಪಾಯಿಂಟ್ ಎರಡು. ಯಾರೂ ಸತ್ತೇ ಇಲ್ಲ ಎನ್ನುವ ಹಾಗೆ.

ನನ್ನನ್ನು ಕಂಡು ಗಡಬಡಿಸಿ ಎದ್ದಳು. ಅವರು ಬಿಟ್ಟ ಕೆಲಸ ಮಳೆ ಬೀಳುವ ಮೊದಲು ಮುಗಿಸಬೇಕು, ಅವರ ವೈರಿಂಗ್ ಎಷ್ಟು ನೀಟಾಗಿದೆ ಎಂದರೆ ತಾನು ಸ್ವಿಚ್ ಹಾಕುವುದಷ್ಟೇ ಎಂದು ಹೇಳಿದಳು. ಅಂಬಿಗರನ್ನು ಕರೆದು ಚಹಾ ತರುತ್ತೇನೆಂದು ದಡ ಹತ್ತಿ ಹೋದಳು. ದೋಣಿಯಲ್ಲಿ ನಾನೊಬ್ಬಳೇ.

ಹಲಗೆಯ ಕೆಳಗೆ ಬಗ್ಗಿ ನೋಡಿದೆ. ಕೇಬಲ್ಲು ಒಂದು ಮಡಿಕೆಯೂ ಇಲ್ಲದೆ ಅಂಚಿನ ಉದ್ದಕ್ಕೂ ಹೋಗಿತ್ತು, ಗೇಣಿಗೊಂದು ಕಟ್ಟು. ಇವರ ಕೈಕೆಲಸ. ಅದರ ತುದಿಯಲ್ಲಿ ಬೂಚು ಇತ್ತು. ಪಕ್ಕದಲ್ಲೇ ಧೂಳು ಹೋಗದಿರಲೆಂದು ಹಾಕುವ ರಬ್ಬರಿನ ಮುಚ್ಚಳ ಸಣ್ಣ ದಾರದಲ್ಲಿ ತೂಗುತ್ತಿತ್ತು. ಬೆರಳು ತಾನಾಗಿ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ಸುತ್ತು ತಿರುಗಿಸಿ ಬೂಚು ತೆಗೆದೆ. ತೆರೆದ ಬಾಯಿಗೆ ರಬ್ಬರ್ ಮುಚ್ಚಳ ಒತ್ತಿದೆ, ಬಗ್ಗಿ ನೋಡಿದವರಿಗೆ ಎಲ್ಲ ಸರಿಯಾಗಿದೆ ಎನ್ನಿಸಬೇಕು. ಬೂಚನ್ನು ಪರ್ಸಿನಲ್ಲಿ ಹಾಕಿಕೊಂಡೆ. ಅಂಬಿಗರ ಪರದೆಯ ಮೇಲೆ ಅಂಕಿ ಹೋಗಿ ಗೆರೆ ಬಂತು, ಮತ್ತೆ ಅಂಕಿ ಬಂತು.

ಅಷ್ಟು ದಿನಗಳಲ್ಲಿ ಮೊದಲ ಸಲ ಎದೆ ಹಗುರಾಯಿತು. ಇವರಿಲ್ಲದೆ ಇವರ ಜಾಗದಲ್ಲಿ ಕೂತವಳ ಕೆಲಸ ಯಾಕೆ ಸುಸೂತ್ರ ನಡೆಯಬೇಕು? ಚಹಾ ಕುಡಿದೆ, ಚೀಲ ಎತ್ತಿಕೊಂಡೆ. ದಿಂಬು ಕೇಳಿ ತೆಗೆದುಕೊಂಡೆ. ಅವಳು ದಿಂಬಿನ ಮೇಲಿನ ಧೂಳು ಕೊಡವಿ ಎರಡೂ ಕೈಯಿಂದ ಕೊಟ್ಟಳು.

ಆರು ದಿನಕ್ಕೆ ಅವಳ ಫೋನ್ ಬಂತು. ಮನೆಯಲ್ಲಿ ಅಣ್ಣ ಬರೆದಿಟ್ಟ ವೈರಿಂಗ್ ನಕ್ಷೆ ಏನಾದರೂ ಇದೆಯಾ ಎಂದು ಕೇಳಿದಳು. ಯಾಕೆ ಎಂದೆ. ಹೇಳಿದಳು. ಅಂಬಿಗರ ಪರದೆಗೆ ಆಳ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ. ಹಳೆಯ ಗೋಡೆಯೊಂದರ ಹತ್ತಿರ ಹೋದಾಗ ಅಂಕಿ ಮಾಯವಾಗಿತ್ತು. ಅವಳ ಪರದೆಯಲ್ಲಿ ಆಳ ಕಾಣುತ್ತಿತ್ತು, ಅವಳು ಕೂಗಿದಳು, ಮೋಟರಿನ ಸದ್ದಿನಲ್ಲಿ ಅಂಬಿಗರಿಗೆ ಕೇಳಿಸಲಿಲ್ಲ. ನೀರಿನೊಳಗೆ ತಿರುಗುವ ಮೋಟರಿನ ಪಂಖ ಗೋಡೆಗೆ ಬಡಿದು ಮುರಿಯಿತು. ಅವಳ ಹಣೆ ಹಲಗೆಗೆ ತಾಗಿ ಮೂರು ಹೊಲಿಗೆ ಬಿದ್ದಿದೆ.

“ಹಣೆ ಹೋಗ್ಲಿ ಬಿಡಿ ಅಕ್ಕಾ. ಮಾಲೀಕರು ಏನಂದ್ರು ಗೊತ್ತಾ? ಅವನ ಕೆಲಸನೇ ತೇಪೆ ಕೆಲಸ, ಇಷ್ಟು ದಿನ ಹೆಂಗೋ ಮುಚ್ಕೊಂಡು ಬಂದಿದ್ದ ಅಂತ. ಎಲ್ಲ ಕಿತ್ತು ಹಾಕಿ ಮುಂಬೈಯವರಿಗೆ ಕೊಡ್ತಾರಂತೆ. ನಾನು ಜಗಳ ಆಡ್ದೆ. ಆದ್ರೆ ಮೂರು ದಿನದಿಂದ ಒಂದೊಂದು ಜಾಯಿಂಟ್ ಹುಡುಕ್ತಿದೀನಿ. ಏನೂ ಸಿಗ್ತಿಲ್ಲ.”

ನಕ್ಷೆ ಇಲ್ಲ ಎಂದು ಫೋನ್ ಇಟ್ಟೆ. ಮೊದಲು ಬಂದ ಭಾವನೆ ಯಾವುದು ಎಂದು ಬರೆಯಲು ನಾಚಿಕೆಯಾಗುತ್ತದೆ. ಇವರ ಪರವಾಗಿ ಜಗಳ ಆಡುವ ಹಕ್ಕು ಇವಳಿಗೆ ಯಾರು ಕೊಟ್ಟರು ಎಂದೇ ಮೊದಲು ಅನ್ನಿಸಿತು. ಹಣೆಯ ಹೊಲಿಗೆ ಆಮೇಲೆ ನೆನಪಾಯಿತು. ಇವರ ಹೆಸರು ಅದಕ್ಕೂ ಆಮೇಲೆ.

ಹೆಸರು ನೆನಪಾದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಇವರು ಮಾತಾಡದಿದ್ದರೂ ಒಂದು ಹೆಮ್ಮೆ ಇತ್ತು: ತಾನು ಎಳೆದ ತಂತಿಗೆ ಯಾರೂ ಎರಡನೆಯ ಸಲ ಕೈ ಹಾಕಬಾರದು. ಅಂಗಡಿಯವರು ಹೊಸಬರಿಗೆ ಇವರ ಕೆಲಸ ತೋರಿಸಿ ಹೀಗೆ ಮಾಡಿರಿ ಎನ್ನುತ್ತಿದ್ದರು. ಅದೊಂದನ್ನೇ ಇವರು ಹಿಂದೆ ಬಿಟ್ಟು ಹೋಗಿದ್ದು. ಅದರ ಮೇಲೆ ನಾನೇ ಮಣ್ಣು ಎರಚಿದ್ದೆ.

ಅಂಗಡಿಗೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಮಾಲೀಕರು ನನ್ನನ್ನು ಕಂಡೊಡನೆ ಕುರ್ಚಿ ಹಾಕಿಸಿ, ಅತ್ತಿಗೆಯನ್ನು ಕರೆಯುವ ಹಾಗೆ ವಹಿನಿ ಎಂದು ಕರೆದು, ಊಟ ಆಯಿತಾ ಎಂದು ವಿಚಾರಿಸಿದರು. ಸತ್ತವನ ಬಗ್ಗೆ ಏನು ಆಡುವುದು, ಆದರೆ ದೋಣಿಯ ಕೆಲಸ ಹೀಗಾಗಬಾರದಿತ್ತು ಎಂದು ತಾವಾಗಿಯೇ ಮಾತು ತೆಗೆದರು. ಒಳಗೆ ಬೆಸುಗೆ ಹಾಕುತ್ತಿದ್ದವನೊಬ್ಬ, ಗುರುಗಳ ತಂತಿ ಗುರುಗಳ ಜೊತೆಗೇ ಹೋಯಿತು ಎಂದು ಮರಾಠಿಯಲ್ಲಿ ಅಂದ. ಇಬ್ಬರು ನಕ್ಕರು. ನಾನು ಅಲ್ಲಿ ಇದ್ದೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಪರ್ಸು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದವಳು ಹೇಳದೆಯೇ ಎದ್ದು ಬಂದೆ.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಇಂದಾಪುರಕ್ಕೆ ಹೋದೆ. ಎರಡೂ ಕಡೆ ಕಬ್ಬು ಇದ್ದ ರಸ್ತೆಯುದ್ದಕ್ಕೂ, ಮೊದಲು ಯಾವ ಮಾತು ಆಡಬೇಕು ಎಂದು ಜೋಡಿಸಿಕೊಳ್ಳುತ್ತ ಕೂತೆ. ಒಂದೂ ಜೋಡಣೆಯಾಗಲಿಲ್ಲ. ಮಾಲೀಕರಿಗೆ ಫೋನಿನಲ್ಲೇ ಹೇಳಿಬಿಡಬಹುದಿತ್ತು. ಅವಳ ಎದುರಿಗೆ ನಿಲ್ಲುವ ಅಗತ್ಯವಿರಲಿಲ್ಲ. ಆದರೆ ಮೂರು ಹೊಲಿಗೆ ಅವಳ ಹಣೆಯ ಮೇಲಿದ್ದವು.

ಅವಳು ದೋಣಿಯ ತಳದಲ್ಲಿ ಮಂಡಿಯೂರಿ ಕೇಬಲ್ಲಿನ ಕಟ್ಟುಗಳನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಇವರು ಗೇಣಿಗೊಂದರಂತೆ ಹಾಕಿದ್ದ ಕಟ್ಟುಗಳು ಕತ್ತರಿಸಿದ ಉಗುರುಗಳ ಹಾಗೆ ಸುತ್ತ ಬಿದ್ದಿದ್ದವು. ಹಣೆಗೆ ಬಿಳಿ ಪಟ್ಟಿ. ನನ್ನನ್ನು ಕಂಡು ನಕ್ಷೆ ಸಿಕ್ಕಿತೇನೋ ಎಂದು ಮುಖ ಅರಳಿಸಿದಳು.

ನಾನು ಪರ್ಸು ತೆಗೆದು ಬೂಚನ್ನು ಅವಳ ಅಂಗೈಯಲ್ಲಿ ಇಟ್ಟೆ.

“ಇದು ನಾ ತೆಗದೀನ್ರಿ,” ಎಂದೆ. “ಅವತ್ತು ನೀವು ಚಹಾಕ್ಕ ಹೋದಾಗ. ಗೊತ್ತಿದ್ದೇ ತೆಗದೀನಿ.”

ಅವಳು ಬೂಚನ್ನು ತಿರುಗಿಸಿ ತಿರುಗಿಸಿ ನೋಡಿದಳು. ಸಿಟ್ಟು ಬರುತ್ತದೆಂದು ಕಾದೆ. ಬರಲಿಲ್ಲ. ಅವಳಿಗೆ ಅರ್ಥವೇ ಆಗಿರಲಿಲ್ಲ.

“ಇದು ಸುಮ್ನೆ ಕ್ಯಾಪ್ ಅಲ್ವಾ ಅಕ್ಕಾ? ಧೂಳು ಹೋಗ್ಬಾರ್ದು ಅಂತ?”

ಅಂದರೆ ಇವರು ಅವಳಿಗೆ ಬೂಚಿನ ವಿಷಯ ಹೇಳಿರಲಿಲ್ಲ. ನಳದ ಮಾತು ಹೇಳಿದ್ದರು, ಓಣಿಯ ಕೊನೆಯ ಗೋಡೆಯ ಮಾತು ಹೇಳಿರಲಿಲ್ಲ. ಎರಡು ವರ್ಷ ದಿನವೂ ಜೊತೆಗೆ ಕೂತವಳಿಗೆ ಸಿಗದ ಒಂದು ಮಾತು ನನ್ನ ಹತ್ತಿರ ಇತ್ತು. ಆ ಗಳಿಗೆಯಲ್ಲಿ ನನಗಾದ ಸಂತೋಷವನ್ನು ಮುಚ್ಚಿಟ್ಟು ಬರೆಯಲಾರೆ. ಗಂಡ ಸತ್ತು ತಿಂಗಳಾಗಿರಲಿಲ್ಲ, ನನ್ನಿಂದ ಒಬ್ಬಳ ಹಣೆ ಒಡೆದಿತ್ತು, ನನಗೆ ಸಂತೋಷವಾಗಿತ್ತು. ಹೇಳದೆ ಅದನ್ನು ತಿರುಗಿಸಿ ಹಾಕಿ ಬಂದುಬಿಡಬಹುದಿತ್ತು. ಎಲ್ಲ ಸರಿಹೋಗುತ್ತಿತ್ತು, ಮಾತು ನನ್ನದಾಗಿಯೇ ಉಳಿಯುತ್ತಿತ್ತು. ಆದರೆ ಯಾಕೆ ಕೆಟ್ಟಿತು, ಯಾಕೆ ಸರಿಯಾಯಿತು ಎಂದು ಅವಳು ಮಾಲೀಕರಿಗೆ ವಿವರಿಸದಿದ್ದರೆ, ತೇಪೆ ಕೆಲಸ ಎಂಬ ಮಾತು ಅಂಗಡಿಯಲ್ಲಿ ಹಾಗೇ ಉಳಿಯುತ್ತಿತ್ತು.

ಹೇಳಿದೆ. ಓಣಿ, ಕೂಗು, ಗೋಡೆಗೆ ಬಡಿದು ಬರುವ ಸದ್ದು, ಅದನ್ನು ನುಂಗುವ ಬೂಚು. ಇವರು ಹೇಳಿದ ಅದೇ ಮಾತುಗಳಲ್ಲಿ, ಅದೇ ಅನುಕ್ರಮದಲ್ಲಿ. ಮುಗಿಯುವ ಹೊತ್ತಿಗೆ ಅವಳಿಗೆ ಎಲ್ಲ ಅರ್ಥವಾಗಿತ್ತು. ಕೈಯಲ್ಲಿದ್ದ ಕತ್ತರಿಯನ್ನು ನಿಧಾನ ಕೆಳಗಿಟ್ಟಳು.

“ಮೂರು ದಿನ ಆದ್ಮೇಲೆ ನಾನೂ ಅವರ ಮೇಲೆ ಡೌಟ್ ಪಟ್ಟೆ ಅಕ್ಕಾ,” ಎಂದಳು. “ಮಾಲೀಕರು ಹೇಳಿದ್ದು ನಿಜ ಇರ್ಬೋದಾ ಅಂತ. ನಿನ್ನೆ ರಾತ್ರಿ ಅಣ್ಣನ್ನ ಮನಸ್ಸಲ್ಲೇ ಬೈದೆ. ಅದನ್ನ ಈಗ ನಾನು ಹೆಂಗೆ ವಾಪಸ್ ತಗೊಳ್ಲಿ? ಯಾರ ಹತ್ರ ಹೋಗಿ ಸಾರಿ ಕೇಳ್ಲಿ?”

ಹನ್ನೊಂದನೆಯ ದಿನ ಅವಳು ಚಾಪೆಯ ಮೇಲೆ ಕೂತು ಎದ್ದು ಹೋಗಿದ್ದಳು. ಅವಳಿಗೆ ಯಾರೂ ಸಮಾಧಾನ ಹೇಳಿರಲಿಲ್ಲ, ಅವಳು ಯಾರೂ ಅಲ್ಲವಲ್ಲ.

ಅವಳ ಎದುರಿಗೇ ಮಾಲೀಕರಿಗೆ ಫೋನ್ ಹಚ್ಚಿದೆ. “ಚೂಕ್ ಮಾಝೀ ಆಹೇ, ತ್ಯಾಂಚೀ ನಾಹೀ,” ಎಂದೆ. ತಪ್ಪು ನನ್ನದು, ಅವರದಲ್ಲ. ಬೂಚಿನ ಕಥೆ ಮರಾಠಿಯಲ್ಲಿ ಹೇಳುವುದು ನನ್ನಿಂದಾಗಲಿಲ್ಲ, ಅವಳು ಫೋನ್ ಕಸಿದುಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಫೋನನ್ನು ಮತ್ತೆ ನನ್ನ ಕೈಗೆ ಕೊಟ್ಟಳು. ಅವನ ಕೆಲಸ ಚೊಕ್ಕವಾಗಿತ್ತು ಎಂದು ಅಂಗಡಿಯಲ್ಲಿ ಎಲ್ಲರನ್ನೂ ನಿಲ್ಲಿಸಿ ನಾನೇ ಹೇಳುತ್ತೇನೆ ಎಂದರು ಮಾಲೀಕರು. ಆದರೆ ವಹಿನಿ, ಹೀಗೆ ಯಾಕೆ ಮಾಡಿದಿರಿ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ಮರಾಠಿ ಇರಲಿಲ್ಲ. ಕನ್ನಡವೂ ಇರಲಿಲ್ಲ.

ಫೋನ್ ಇಟ್ಟ ಮೇಲೆ ಅವಳು ಬೂಚನ್ನು ನನಗೆ ತಿರುಗಿ ಕೊಟ್ಟಳು. “ನೀವೇ ಹಾಕಿ,” ಎಂದಳು. ಹಾಕಿದೆ. ಅಂಬಿಗರ ಪರದೆಯ ಮೇಲೆ ಅಂಕಿ ಬಂತು, ನಿಂತಿತು.

ಅವಳು ಅದನ್ನೇ ನೋಡುತ್ತಿದ್ದಳು. “ಇದನ್ನ ನನಗೆ ಹೇಳಿರ್ಲೇ ಇಲ್ಲ ಅಣ್ಣ,” ಎಂದಳು, ಇನ್ನಾರಿಗೋ ಹೇಳುವ ಹಾಗೆ. ಆ ಮುಖ ನನಗೆ ಗೊತ್ತಿತ್ತು. ಎರಡು ವರ್ಷ ಕನ್ನಡಿಯಲ್ಲಿ ನೋಡಿದ್ದೆ. ಮರೆತಿರಬೇಕು ಬಿಡ್ರಿ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅದರ ಬದಲು, ಕೊನೆಗೆ ಇವರು ಏನು ಹೇಳಿದರು ಎಂದು ಮತ್ತೆ ಕೇಳಿದೆ.

ಈ ಸಲ ನೆಲ ನೋಡಲಿಲ್ಲ. ದೋಣಿಯಲ್ಲಿ ಇವರು ಮಾಡಿದ್ದ ಒಂದು ರೂಢಿ ಹೇಳಿದಳು. ಯಂತ್ರ ತಾನಾಗಿ ಎಲ್ಲ ಬರೆದುಕೊಂಡರೂ, ಆಗಾಗ ಒಬ್ಬರು ಆಳವನ್ನು ಬಾಯಿಬಿಟ್ಟು ಓದಬೇಕು, ಇನ್ನೊಬ್ಬರು ಕಾಗದದ ಮೇಲೆ ಬರೆಯಬೇಕು. ಇವರು ಓದುವುದು, ಅವಳು ಬರೆಯುವುದು.

“ಏಳೂವರಿ ಅಂದ್ರು. ನಾನು ಬರ್ಕೊಂಡೆ. ತಲೆ ಎತ್ತಿದ್ರೆ ಎದೆ ಹಿಡ್ಕೊಂಡು ವಾಲಿಬಿಟ್ಟಿದ್ರು. ಅಷ್ಟೇ ಅಕ್ಕಾ. ನಿಮಗೆ ಏನಂತ ಹೇಳ್ಲಿ? ನಂಬರ್ ಹೇಳಿ ಹೋದ್ರು ಅನ್ಲಾ?”

ಆ ಕಾಗದ ನೋಡಬೇಕು ಎಂದೆ. ತೋರಿಸಿದಳು. ಏಳು ಪಾಯಿಂಟ್ ಐದು. ಅವಳ ಅಕ್ಷರ. ಕೆಳಗೆ ಖಾಲಿ. ಅದನ್ನು ಕೇಳಬೇಕೆಂದು ಬಾಯಿತನಕ ಬಂತು. ಕೆಲಸದ ಕಾಗದ, ಕೇಳಲಿಲ್ಲ.

ಅಷ್ಟರಲ್ಲಿ ಅಂಬಿಗರು ಬಂದು, ಹೊಸ ಪಂಖ ಕೂರಿಸಿದ್ದ ಮೋಟರ್ ಎಳೆದರು. ನಾನು ದೋಣಿಯ ಅಂಚಿನಲ್ಲಿ ಕೂತೇ ಇದ್ದೆ, ಕರೆದರೆ ಹೋಗುವವಳ ಹಾಗೆ. ಅವಳು ಇವರ ಹಲಗೆಯ ಮೇಲೆ ಕೂತು ಕಾಗದ ಜೋಡಿಸಿಕೊಂಡಳು.

“ಇವತ್ತು ನೀವು ಬೇಡ ಅಕ್ಕಾ,” ಎಂದಳು. “ಇಳಿರಿ.”

ಇಳಿದೆ. ದೋಣಿ ತಿರುಗಿ ನೇರ ಸಾಲು ಹಿಡಿಯಿತು. ಅವಳು ಆಳ ಓದುವುದು ಸ್ವಲ್ಪ ದೂರ ಕೇಳಿಸಿತು, ಅಂಬಿಗರು ಅದನ್ನು ಮರಾಠಿಯಲ್ಲಿ ತಿರುಗಿ ಹೇಳುವುದೂ ಕೇಳಿಸಿತು. ಆಮೇಲೆ ಮೋಟರಿನ ಸದ್ದಷ್ಟೇ.

ಮಳೆಗೆ ಮೊದಲು ಕೆಲಸ ಮುಗಿಯಿತು ಎಂದು ಮಾಲೀಕರು ತಿಳಿಸಿದರು. ಇವರು ಎಳೆದ ತಂತಿಯಲ್ಲೇ ಮುಗಿಯಿತು, ಮುಂಬೈಯವರು ಬರಲಿಲ್ಲ. ಅವಳು ಫೋನ್ ಮಾಡಲಿಲ್ಲ. ನನ್ನನ್ನು ಕ್ಷಮಿಸಿಲ್ಲ ಎಂದು ಕಾಣುತ್ತದೆ. ಅದೇ ಸರಿ. ಕ್ಷಮಿಸಿಬಿಟ್ಟಿದ್ದರೆ ಆ ಒಳ್ಳೆಯತನದ ಮೇಲೂ ನಾನು ಹೊಟ್ಟೆಕಿಚ್ಚು ಪಡುತ್ತಿದ್ದೆ.